ಸುಮ್ಮನೆ ಬಿಟ್ಟಾಗ ತಾನಾಗಿಯೇ ಆಫ್ ಆಗುವ ಕಂಪ್ಯೂಟರ್: ಕಾರಣ ಹುಡುಕುವ ದಾರಿ

ಕೆಲಸ ಮಾಡುತ್ತಿರುವಷ್ಟು ಹೊತ್ತು ಕಂಪ್ಯೂಟರ್ ಚೆನ್ನಾಗಿಯೇ ಇರುತ್ತದೆ. ದೊಡ್ಡ ಕಡತ ತೆರೆದರೂ, ವಿಡಿಯೊ ಎಡಿಟ್ ಮಾಡಿದರೂ, ಗೇಮ್ ಆಡಿದರೂ ತಕರಾರಿಲ್ಲ. ಎದ್ದು ಹೋಗಿ ಅರ್ಧ ಗಂಟೆ ಬಿಟ್ಟು ಬಂದರೆ ಮಾತ್ರ ಆಫ್ ಆಗಿರುತ್ತದೆ. ಈ ದೂರು ಹೇಳಿದ ಕೂಡಲೇ ಸಿಗುವ ಸಲಹೆಗಳು ಮೂರು: ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಬದಲಿಸಿ, ರ‍್ಯಾಮ್ ಬದಲಿಸಿ, ವಿಂಡೋಸ್ ಹೊಸದಾಗಿ ಹಾಕಿ. ಮೂರನ್ನೂ ಮಾಡಿಸಿ, ಹಣ ಖರ್ಚಾಗಿ, ಕಡತಗಳನ್ನೂ ಕಳೆದುಕೊಂಡ ಮೇಲೆ ಕಂಪ್ಯೂಟರ್ ಮತ್ತೆ ಹಾಗೆಯೇ ಆಫ್ ಆಗುವುದುಂಟು. ಅದನ್ನು ನೋಡಿದಾಗಲೆಲ್ಲ ಬೇಸರವಾಗುತ್ತದೆ, ಏಕೆಂದರೆ ಬಹುತೇಕ ಸಂದರ್ಭಗಳಲ್ಲಿ ಉತ್ತರ ಆ ಕಂಪ್ಯೂಟರ್‌ನ ಒಳಗೇ ದಾಖಲಾಗಿರುತ್ತದೆ. ಅದನ್ನು ಓದುವ ತಾಳ್ಮೆ ಯಾರೂ ತೋರಿಸಿರುವುದಿಲ್ಲ.

ಯಾಕೆ ಆಫ್ ಆಯಿತು ಎಂದು ಹುಡುಕುವ ಮೊದಲು ಹೇಗೆ ಆಫ್ ಆಯಿತು ಎಂದು ತಿಳಿದುಕೊಳ್ಳಬೇಕು. ಮೂರು ಸಾಧ್ಯತೆಗಳಿವೆ. ಒಂದು, ಅದು ನಿದ್ರೆಗೆ ಹೋಗಿದೆ, ಎಂದರೆ ಸ್ಲೀಪ್ (ಕೆಲಸವನ್ನು ರ‍್ಯಾಮ್‌ನಲ್ಲಿಟ್ಟು ಮಲಗುವುದು) ಅಥವಾ ಹೈಬರ್ನೇಟ್ (ಕೆಲಸವನ್ನು ಡಿಸ್ಕ್‌ಗೆ ಬರೆದಿಟ್ಟು ಆಫ್ ಆಗುವುದು) ಆಗಿದೆ. ಎರಡು, ಯಾವುದೋ ತಂತ್ರಾಂಶ ಆದೇಶ ಕೊಟ್ಟು ಕ್ರಮಬದ್ಧವಾಗಿ ಶಟ್‌ಡೌನ್ ಮಾಡಿಸಿದೆ. ಮೂರು, ಯಾವ ಸೂಚನೆಯೂ ಇಲ್ಲದೆ ವಿದ್ಯುತ್ ಕಡಿತವಾಗಿದೆ ಅಥವಾ ವ್ಯವಸ್ಥೆ ಕುಸಿದು ಬಿದ್ದಿದೆ. ಈ ಮೂರಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ಒಂದು ಪೈಸೆ ಖರ್ಚಿಲ್ಲ. ಮೂರನೆಯದಕ್ಕೆ ಮಾತ್ರ ಬಿಡಿಭಾಗ ಕೊಳ್ಳಬೇಕಾಗಬಹುದು, ಅದೂ ಎಲ್ಲ ಸಲವೂ ಅಲ್ಲ.

ಮೊದಲ ಹೆಜ್ಜೆ: ಪವರ್ ಬಟನ್ ಒತ್ತುವ ಮುನ್ನ ನೋಡಿ

ಪರದೆ ಕಪ್ಪಾಗಿರುವುದನ್ನು ಕಂಡ ತಕ್ಷಣ ಪವರ್ ಬಟನ್ ಒತ್ತಿ ಹಿಡಿಯಬೇಡಿ. ಹಾಗೆ ಮಾಡಿದರೆ ಸಿಗಬೇಕಾದ ಸುಳಿವು ಅಲ್ಲಿಯೇ ಅಳಿಸಿಹೋಗುತ್ತದೆ. ಮಾನಿಟರ್ ಮಾತ್ರ ಆಫ್ ಆಗಿ ಕಂಪ್ಯೂಟರ್ ನಡೆಯುತ್ತಲೇ ಇರಬಹುದು. ಕ್ಯಾಬಿನೆಟ್‌ಗೆ ಕಿವಿಗೊಟ್ಟು ಫ್ಯಾನ್ ಸದ್ದು ಕೇಳಿಸುತ್ತಿದೆಯೇ ನೋಡಿ. ಪವರ್ ದೀಪ ನಿಧಾನವಾಗಿ ಮಿಣುಕುತ್ತಿದ್ದರೆ ಅಥವಾ ಬಣ್ಣ ಬದಲಿಸಿದ್ದರೆ ಅದು ಸ್ಲೀಪ್‌ನಲ್ಲಿದೆ. ಕೀಬೋರ್ಡ್‌ನ ಒಂದು ಕೀಲಿ ಒತ್ತಿ, ಮೌಸ್ ಅಲ್ಲಾಡಿಸಿ, ಅರ್ಧ ನಿಮಿಷ ಕಾಯಿರಿ. ಎಚ್ಚರವಾಗದಿದ್ದರೆ ಪವರ್ ಬಟನ್ ಅನ್ನು ಒಮ್ಮೆ ಮೆಲ್ಲಗೆ ಒತ್ತಿ ಬಿಡಿ. ಒತ್ತಿ ಹಿಡಿದರೆ ಸುಮಾರು 4 ಸೆಕೆಂಡಿನಲ್ಲಿ ಬಲವಂತವಾಗಿ ಆಫ್ ಆಗುತ್ತದೆ. ಸದ್ಯಕ್ಕೆ ಅದು ಬೇಡ.

ಮತ್ತೆ ಶುರುವಾದ ಮೇಲೆ ತೆರೆದಿದ್ದ ಕಡತಗಳು, ಬ್ರೌಸರ್ ಕಿಟಕಿಗಳು ಬಿಟ್ಟ ಜಾಗದಲ್ಲೇ ಇದ್ದರೆ ಅದು ಸ್ಲೀಪ್ ಅಥವಾ ಹೈಬರ್ನೇಟ್. ಎಲ್ಲವೂ ಖಾಲಿಯಾಗಿ ಹೊಸದಾಗಿ ಆರಂಭವಾಗಿದ್ದರೆ ಉಳಿದ ಎರಡರಲ್ಲಿ ಒಂದು. ಹೈಬರ್ನೇಟ್ ಆದಾಗ ದೀಪ, ಫ್ಯಾನ್ ಎಲ್ಲವೂ ನಿಂತಿರುತ್ತವೆ. ಹೊರಗಿನಿಂದ ನೋಡಿದವರಿಗೆ ಪೂರ್ತಿ ಆಫ್ ಆದಂತೆಯೇ ಕಾಣುತ್ತದೆ. "ನನ್ನ ಕಂಪ್ಯೂಟರ್ ತಾನಾಗಿ ಆಫ್ ಆಗುತ್ತದೆ" ಎನ್ನುವ ಬಹಳಷ್ಟು ದೂರುಗಳ ಹಿಂದೆ ಇರುವುದು ಇದೇ.

ಇನ್ನೊಂದು ಸಂಗತಿಯನ್ನು ಗಮನಿಸಿ: ಎಷ್ಟು ಹೊತ್ತಿನ ನಂತರ ಆಫ್ ಆಗುತ್ತದೆ? ಪ್ರತಿ ಸಲವೂ ಸರಿಯಾಗಿ 30 ನಿಮಿಷಕ್ಕೋ 3 ಗಂಟೆಗೋ ಆಗುತ್ತಿದ್ದರೆ ಅದು ಸೆಟ್ಟಿಂಗ್‌ನ ಕೆಲಸ. ಸಡಿಲವಾದ ತಂತಿಗೆ ಗಡಿಯಾರ ನೋಡಲು ಬರುವುದಿಲ್ಲ. ಒಮ್ಮೆ ಐದು ನಿಮಿಷಕ್ಕೆ, ಇನ್ನೊಮ್ಮೆ ಎರಡು ಗಂಟೆಗೆ ಆಗುತ್ತಿದ್ದರೆ ಯಂತ್ರಾಂಶದ ಕಡೆ ಅನುಮಾನಪಡಬೇಕು.

ಎರಡನೆಯ ಹೆಜ್ಜೆ: ದಾಖಲೆ ಓದಿ

ಇಡೀ ಕೆಲಸದ ಜೀವಾಳ ಇಲ್ಲಿದೆ. ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಈವೆಂಟ್ ವ್ಯೂವರ್' ತೆರೆಯಿರಿ. ಎಡಭಾಗದಲ್ಲಿ 'ವಿಂಡೋಸ್ ಲಾಗ್ಸ್', ಅದರೊಳಗೆ 'ಸಿಸ್ಟಮ್'. ಸಾವಿರಾರು ಸಾಲುಗಳು ಕಾಣಿಸುತ್ತವೆ, ಕೆಂಪು ಗುರುತುಗಳೂ ಇರುತ್ತವೆ. ಹೆದರಬೇಕಾಗಿಲ್ಲ, ಆರೋಗ್ಯವಾಗಿರುವ ಕಂಪ್ಯೂಟರ್‌ನಲ್ಲೂ ಕೆಂಪು ಗುರುತುಗಳು ಇದ್ದೇ ಇರುತ್ತವೆ. ಬಲಭಾಗದ 'ಫಿಲ್ಟರ್ ಕರೆಂಟ್ ಲಾಗ್' ಒತ್ತಿ, ಈವೆಂಟ್ ಐಡಿ ಜಾಗದಲ್ಲಿ 41, 42, 506, 507, 1074, 6006, 6008 ಎಂದು ಅಲ್ಪವಿರಾಮ ಹಾಕಿ ಬರೆಯಿರಿ. ಈಗ ಪಟ್ಟಿ ಚಿಕ್ಕದಾಗುತ್ತದೆ.

42 ಕಂಡರೆ ಕಂಪ್ಯೂಟರ್ ನಿದ್ರೆಗೆ ಹೋಗಿದೆ. ಆ ಸಾಲಿನ ವಿವರದಲ್ಲಿ ಕಾರಣವೂ ಇರುತ್ತದೆ. 'ಸಿಸ್ಟಮ್ ಐಡಲ್' ಎಂದಿದ್ದರೆ ಯಾರೂ ಬಳಸುತ್ತಿಲ್ಲವೆಂದು ತಾನೇ ಮಲಗಿದೆ. 'ಬ್ಯಾಟರಿ' ಎಂದಿದ್ದರೆ ಚಾರ್ಜ್ ಮುಗಿಯುವ ಹಂತ ತಲುಪಿತ್ತು. 'ಬಟನ್ ಆರ್ ಲಿಡ್' ಎಂದಿದ್ದರೆ ಬಟನ್ ಒತ್ತಿದಂತೆ ಅಥವಾ ಮುಚ್ಚಳ ಮುಚ್ಚಿದಂತೆ ಅದಕ್ಕೆ ತೋರಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಳಸುವ ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಹೊಸ ಬಗೆಯ ನಿದ್ರೆಗೆ ಸಂಖ್ಯೆ ಬೇರೆ: ಮಲಗಿದ್ದಕ್ಕೆ 506, ಎದ್ದಿದ್ದಕ್ಕೆ 507.

1074 ಕಂಡರೆ ಯಾರೋ ಆದೇಶ ಕೊಟ್ಟಿದ್ದಾರೆ. ಯಾವ ತಂತ್ರಾಂಶ, ಯಾವ ಬಳಕೆದಾರನ ಹೆಸರಿನಲ್ಲಿ, ಯಾವ ಕಾರಣ ಹೇಳಿ ಶಟ್‌ಡೌನ್ ಅಥವಾ ರೀಸ್ಟಾರ್ಟ್ ಮಾಡಿಸಿತು ಎಂಬುದು ಆ ಒಂದು ಸಾಲಿನಲ್ಲೇ ಬರೆದಿರುತ್ತದೆ. ಅದರ ಬೆನ್ನಿಗೇ 6006 ಇರುತ್ತದೆ. ಕ್ರಮಬದ್ಧವಾಗಿ ಮುಚ್ಚಿಕೊಂಡಿತು ಎಂಬುದರ ಗುರುತು ಅದು.

41 ಮತ್ತು 6008 ಜೊತೆಯಾಗಿ ಕಂಡರೆ ಕಂಪ್ಯೂಟರ್‌ಗೆ ಮುಚ್ಚಿಕೊಳ್ಳಲು ಅವಕಾಶವೇ ಸಿಕ್ಕಿಲ್ಲ. ಇಲ್ಲಿ ಅನೇಕರು ಎಡವುತ್ತಾರೆ. 41ರ ಎದುರಿಗೆ ಇರುವ ಸಮಯ ಆಫ್ ಆದ ಸಮಯವಲ್ಲ, ಮತ್ತೆ ಆನ್ ಮಾಡಿದ ಸಮಯ. ಆಫ್ ಆದ ಸಮಯ 6008ರ ಒಕ್ಕಣೆಯ ಒಳಗೆ ಇರುತ್ತದೆ. ಜೊತೆಗೆ 41 ಕಾರಣ ಹೇಳುವುದಿಲ್ಲ. "ಹಿಂದಿನ ಸಲ ಸರಿಯಾಗಿ ಮುಚ್ಚಲಿಲ್ಲ" ಎಂದಷ್ಟೇ ಹೇಳುತ್ತದೆ. ಅದನ್ನು ನೋಡಿ ನೇರವಾಗಿ ಎಸ್‌ಎಂಪಿಎಸ್ ಹಾಳಾಗಿದೆ ಎಂದು ತೀರ್ಮಾನಿಸುವುದು ಸರಿಯಲ್ಲ.

41ರ 'ಡೀಟೇಲ್ಸ್' ಭಾಗ ತೆರೆದರೆ ಇನ್ನಷ್ಟು ತಿಳಿಯುತ್ತದೆ. 'ಬಗ್‌ಚೆಕ್‌ಕೋಡ್' ಎದುರು ಸೊನ್ನೆಯಲ್ಲದ ಸಂಖ್ಯೆ ಇದ್ದರೆ ವಿಂಡೋಸ್ ನೀಲಿ ಪರದೆ ತೋರಿಸಿ ಕುಸಿದಿದೆ. ಅಲ್ಲಿ 159 ಇದ್ದರೆ ಯಾವುದೋ ಡ್ರೈವರ್ (ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ನಿದ್ರೆಗೆ ಹೋಗುವಾಗಲೋ ಏಳುವಾಗಲೋ ಸಿಕ್ಕಿಹಾಕಿಕೊಂಡಿದೆ. 'ಸ್ಲೀಪ್‌ಇನ್‌ಪ್ರೋಗ್ರೆಸ್' ಸೊನ್ನೆಯಾಗಿಲ್ಲದಿದ್ದರೆ ಮಲಗುವ ಪ್ರಕ್ರಿಯೆಯ ನಡುವೆ ಘಟನೆ ನಡೆದಿದೆ. 'ಪವರ್‌ಬಟನ್‌ಟೈಮ್‌ಸ್ಟ್ಯಾಂಪ್' ಎದುರು ಸಂಖ್ಯೆ ಇದ್ದರೆ ಪವರ್ ಬಟನ್ ಒತ್ತಲಾಗಿದೆ. ಮನೆಯಲ್ಲಿ ಬೇರೆ ಯಾರಾದರೂ ಕಪ್ಪು ಪರದೆ ಕಂಡು ಒತ್ತಿದ್ದಾರೆಯೇ ಎಂದು ಕೇಳಿ. ಎಲ್ಲವೂ ಸೊನ್ನೆಯಾಗಿದ್ದರೆ, ಆಗ ವಿದ್ಯುತ್ ಪೂರೈಕೆಯತ್ತ ನೋಡಲು ಬಲವಾದ ಕಾರಣವಿದೆ.

ನಿದ್ರೆಯೇ ಕಾರಣವಾಗಿದ್ದರೆ

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಪವರ್ ವಿಭಾಗಕ್ಕೆ ಹೋಗಿ ಸ್ಲೀಪ್ ಅವಧಿಯನ್ನು 'ನೆವರ್' ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಚಾರ್ಜರ್‌ಗೆ ಒಂದು, ಬ್ಯಾಟರಿಗೆ ಒಂದು ಅವಧಿ ಇರುತ್ತದೆ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುವುದು ಸಾಮಾನ್ಯ. ಇಷ್ಟಕ್ಕೇ ನಿಲ್ಲಬೇಡಿ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪ್ಲಾನ್ ಬದಲಿಸುವ ಪುಟದ ಕೆಳಗೆ ಇರುವ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ತೆರೆದು 'ಹೈಬರ್ನೇಟ್ ಆಫ್ಟರ್' ಎಷ್ಟಿದೆ ನೋಡಿ. ತಯಾರಕರು ಸೇರಿಸಿಕೊಟ್ಟ ವಿದ್ಯುತ್ ಉಳಿತಾಯದ ತಂತ್ರಾಂಶವೇನಾದರೂ ಇದ್ದರೆ ಅದು ನಿಮ್ಮ ಸೆಟ್ಟಿಂಗ್ ಅನ್ನು ಮತ್ತೆ ಬದಲಿಸಬಹುದು, ಅದರೊಳಗೂ ಕಣ್ಣಾಡಿಸಿ.

ಎಲ್ಲವನ್ನೂ 'ನೆವರ್' ಮಾಡಿದರೂ ಎರಡೇ ನಿಮಿಷದಲ್ಲಿ ಮಲಗುತ್ತಿದ್ದರೆ ಅದಕ್ಕೂ ಕಾರಣವಿದೆ. ಮನುಷ್ಯರ ಕೈಯಿಂದಲ್ಲದೆ ಬೇರೆ ರೀತಿಯಲ್ಲಿ, ಉದಾಹರಣೆಗೆ ನೆಟ್‌ವರ್ಕ್ ಸಂದೇಶದಿಂದಲೋ ನಿಗದಿತ ಕೆಲಸದಿಂದಲೋ, ಎಚ್ಚರಗೊಂಡ ವಿಂಡೋಸ್‌ಗೆ ಮತ್ತೆ ಮಲಗಲು ಬೇರೆಯೇ ಒಂದು ಅವಧಿ ಇದೆ. ಅದು ಸಾಮಾನ್ಯವಾಗಿ 2 ನಿಮಿಷ, ಮೆನುವಿನಲ್ಲಿ ಕಾಣಿಸದಂತೆ ಅಡಗಿರುತ್ತದೆ. 'ಸಿಸ್ಟಮ್ ಅನ್‌ಅಟೆಂಡೆಡ್ ಸ್ಲೀಪ್ ಟೈಮ್‌ಔಟ್' ಎಂಬುದು ಅದರ ಹೆಸರು. ದೂರದಿಂದ ಕಂಪ್ಯೂಟರ್ ಎಬ್ಬಿಸಿ ಕೆಲಸ ಮಾಡುವವರು ಇದನ್ನು ತಿಳಿದಿರಬೇಕು.

ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಳ ಮುಚ್ಚಿದೆಯೇ ಎಂದು ಅರಿಯಲು ಸಾಮಾನ್ಯವಾಗಿ ಆಯಸ್ಕಾಂತ ಮತ್ತು ಅದನ್ನು ಗ್ರಹಿಸುವ ಸಂವೇದಕ ಇರುತ್ತವೆ. ಆಯಸ್ಕಾಂತದ ಗುಂಡಿಯಿರುವ ಮೊಬೈಲ್ ಕವರ್ ಅಥವಾ ಕೈಗಡಿಯಾರದ ಪಟ್ಟಿಯನ್ನು ಕೀಬೋರ್ಡ್ ಪಕ್ಕದ ಜಾಗದಲ್ಲಿ ಇಟ್ಟರೆ ಮುಚ್ಚಳ ಮುಚ್ಚಿದೆಯೆಂದು ಲ್ಯಾಪ್‌ಟಾಪ್ ಭಾವಿಸುತ್ತದೆ. ಒಂದು ಲ್ಯಾಪ್‌ಟಾಪ್ ಅನ್ನು ಇನ್ನೊಂದರ ಮೇಲೆ ಇಟ್ಟರೂ ಹೀಗಾಗಬಹುದು. ದಾಖಲೆಯಲ್ಲಿ 'ಬಟನ್ ಆರ್ ಲಿಡ್' ಕಂಡವರು ಮೊದಲು ಮೇಜಿನ ಮೇಲೆ ಏನಿದೆ ಎಂದು ನೋಡಿ.

ಆದೇಶ ಕೊಟ್ಟವರು ಯಾರೆಂದು ತಿಳಿದಿದ್ದರೆ

1074ರಲ್ಲಿ ಕಂಡ ಹೆಸರೇ ಮುಕ್ಕಾಲು ಪರಿಹಾರ. ಟ್ರಸ್ಟೆಡ್‌ಇನ್‌ಸ್ಟಾಲರ್‌ನಂತಹ ಹೆಸರಿದ್ದರೆ ವಿಂಡೋಸ್ ಅಪ್‌ಡೇಟ್ ರೀಸ್ಟಾರ್ಟ್ ಮಾಡಿಸಿದೆ. ತಾನಾಗಿ ರೀಸ್ಟಾರ್ಟ್ ಮಾಡಬಾರದ ಹೊತ್ತನ್ನು ಸೂಚಿಸುವ 'ಆ್ಯಕ್ಟಿವ್ ಅವರ್ಸ್' ಅನ್ನು ನಿಮ್ಮ ಕೆಲಸದ ಹೊತ್ತಿಗೆ ತಕ್ಕಂತೆ 18 ಗಂಟೆಗಳವರೆಗೆ ಹಿಗ್ಗಿಸಿಕೊಳ್ಳಬಹುದು. ಡೌನ್‌ಲೋಡ್ ತಂತ್ರಾಂಶಗಳಲ್ಲಿ, ವಿಡಿಯೊ ಪರಿವರ್ತಕಗಳಲ್ಲಿ 'ಕೆಲಸ ಮುಗಿದ ಮೇಲೆ ಶಟ್‌ಡೌನ್ ಮಾಡು' ಎಂಬ ಆಯ್ಕೆಗೆ ಎಂದೋ ಗುರುತು ಹಾಕಿ ಮರೆತಿರಬಹುದು. 'ಟಾಸ್ಕ್ ಶೆಡ್ಯೂಲರ್' ತೆರೆದು, ಕಂಪ್ಯೂಟರ್ ಖಾಲಿ ಇದ್ದಾಗ ಮಾತ್ರ ನಡೆಯುವಂತೆ ಷರತ್ತು ಹಾಕಿದ ಕೆಲಸಗಳನ್ನು ಪರಿಶೀಲಿಸಿ. ಯುಪಿಎಸ್ ಜೊತೆಗೆ ಬಂದ ತಂತ್ರಾಂಶವೂ ಬ್ಯಾಟರಿ ಇಳಿದಿದೆ ಎಂದು ತಪ್ಪು ತಿಳಿದು ಶಟ್‌ಡೌನ್ ಮಾಡಿಸಬಲ್ಲದು. ಪ್ರತಿ ಗಂಟೆಗೊಮ್ಮೆ ತಪ್ಪದೆ ಆಫ್ ಆಗುತ್ತಿದ್ದರೆ ನೀವು ಬಳಸುತ್ತಿರುವುದು ಅವಧಿ ಮುಗಿದ ಪರೀಕ್ಷಾರ್ಥ ಆವೃತ್ತಿಯೇ ಎಂದು ನೋಡಿ. ವಿಂಡೋಸ್‌ನ ಇವ್ಯಾಲ್ಯುಯೇಷನ್ ಆವೃತ್ತಿ ಅವಧಿ ಮೀರಿದ ಮೇಲೆ ಹೀಗೆಯೇ ನಡೆದುಕೊಳ್ಳುತ್ತದೆ.

ವಿದ್ಯುತ್ ತಟ್ಟನೆ ಹೋಗುತ್ತಿದ್ದರೆ

ಕ್ಯಾಬಿನೆಟ್ ಬಿಚ್ಚುವ ಮೊದಲು ಗೋಡೆಯಿಂದ ಶುರುಮಾಡಿ. ಎಕ್ಸ್‌ಟೆನ್ಷನ್ ಬೋರ್ಡ್ ಮತ್ತು ಯುಪಿಎಸ್ ಎರಡನ್ನೂ ಬದಿಗಿಟ್ಟು ಕಂಪ್ಯೂಟರ್ ಅನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಜೋಡಿಸಿ ಒಂದೆರಡು ದಿನ ನೋಡಿ. ಸಡಿಲ ಪ್ಲಗ್‌ನ ಮಾತು ಎಲ್ಲರಿಗೂ ತಿಳಿದದ್ದೇ. ಆದರೆ ಸುಮ್ಮನಿರುವಾಗ ಮಾತ್ರ ಆಫ್ ಆಗುವುದಕ್ಕೆ ನೇರ ಸಂಬಂಧವಿರುವ ಎರಡು ಸಂಗತಿಗಳು ಇಲ್ಲಿವೆ. ಕೆಲವು ಯುಪಿಎಸ್‌ಗಳು ಬ್ಯಾಟರಿಯ ಮೇಲೆ ನಡೆಯುವಾಗ ತಮ್ಮ ಮೇಲಿನ ಹೊರೆ ತೀರಾ ಕಡಿಮೆಯಾದರೆ ಏನೂ ಜೋಡಿಸಿಲ್ಲವೆಂದು ಭಾವಿಸಿ ತಾವೇ ಆಫ್ ಆಗುತ್ತವೆ. ಬ್ಯಾಟರಿ ಉಳಿಸಲು ಮಾಡಿದ ಏರ್ಪಾಡು ಅದು. ವಿದ್ಯುತ್ ಉಳಿಸುವ ಕೆಲವು ಬೋರ್ಡ್‌ಗಳಲ್ಲಿ ಒಂದು ಮುಖ್ಯ ಸಾಕೆಟ್ ಇರುತ್ತದೆ. ಅದಕ್ಕೆ ಜೋಡಿಸಿದ ಸಾಧನ ಕಡಿಮೆ ಕರೆಂಟ್ ಎಳೆಯತೊಡಗಿದರೆ ಉಳಿದ ಸಾಕೆಟ್‌ಗಳನ್ನು ಬೋರ್ಡ್ ಕಡಿದುಹಾಕುತ್ತದೆ. ಮುಖ್ಯ ಸಾಕೆಟ್‌ಗೆ ಮಾನಿಟರ್ ಹಾಕಿ ಪಕ್ಕದ್ದಕ್ಕೆ ಕಂಪ್ಯೂಟರ್ ಹಾಕಿದ್ದರೆ, ಮಾನಿಟರ್ ಮಲಗಿದ ಕ್ಷಣವೇ ಕಂಪ್ಯೂಟರ್‌ಗೂ ವಿದ್ಯುತ್ ನಿಲ್ಲುತ್ತದೆ.

ಹೊರಗಿನ ವಿದ್ಯುತ್ ಕ್ಷಣಕಾಲ ಹೋಗಿ ಬರುತ್ತಿದೆಯೇ ಎಂದು ತಿಳಿಯಲು ಸುಲಭದ ಉಪಾಯವೊಂದಿದೆ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಶುರುವಾಗುವ, ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗಳಿರುವ ತಂತ್ರಾಂಶದಲ್ಲಿ) 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಎಂಬಂತಹ ಆಯ್ಕೆಯನ್ನು 'ಪವರ್ ಆನ್' ಮಾಡಿ. ಮುಂದಿನ ಸಲ ಆಫ್ ಆದ ಕಂಪ್ಯೂಟರ್ ತಾನಾಗಿಯೇ ಮತ್ತೆ ಆನ್ ಆಗಿದ್ದರೆ, ಗೋಡೆಯ ಕಡೆಯಿಂದ ವಿದ್ಯುತ್ ಕಡಿದು ಬಂದಿರುವ ಸಂಭವ ಹೆಚ್ಚು. ಆಫ್ ಆಗಿಯೇ ಉಳಿದು, ಪವರ್ ಬಟನ್‌ಗೂ ಓಗೊಡದೆ, ಎಸ್‌ಎಂಪಿಎಸ್ ಹಿಂಭಾಗದ ಸ್ವಿಚ್ ಅನ್ನು ಕೆಲವು ಸೆಕೆಂಡು ಆಫ್ ಮಾಡಿ ಆನ್ ಮಾಡಿದ ಮೇಲಷ್ಟೇ ಎಚ್ಚೆತ್ತರೆ, ಎಸ್‌ಎಂಪಿಎಸ್ ತನ್ನ ರಕ್ಷಣಾ ವ್ಯವಸ್ಥೆಯಿಂದಾಗಿ ನಿಂತಿತ್ತು ಎಂದರ್ಥ.

ಕಡಿಮೆ ಹೊರೆಯಲ್ಲಿ ಎಸ್‌ಎಂಪಿಎಸ್ ಏಕೆ ನಿಲ್ಲಬೇಕು? ಈ ಪ್ರಶ್ನೆಗೆ ಉತ್ತರ ಪ್ರೊಸೆಸರ್‌ನಲ್ಲಿದೆ. ಕೆಲಸವಿಲ್ಲದಾಗ ಪ್ರೊಸೆಸರ್ ಹಂತ ಹಂತವಾಗಿ ಆಳವಾದ ವಿಶ್ರಾಂತಿಗೆ ಇಳಿಯುತ್ತದೆ. ಇವುಗಳನ್ನು ಸಿ-ಸ್ಟೇಟ್ ಎನ್ನುತ್ತಾರೆ. 2013ರಲ್ಲಿ ಬಂದ ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಪ್ರೊಸೆಸರ್‌ಗಳು ಸಿ6, ಸಿ7 ಸ್ಥಿತಿಗೆ ಇಳಿದಾಗ 12 ವೋಲ್ಟ್ ತಂತಿಯಿಂದ ಎಳೆಯುವ ಕರೆಂಟ್ 0.05 ಆಂಪಿಯರ್‌ನಷ್ಟು ಕೆಳಗೆ ಹೋಗಬಹುದಿತ್ತು. ಹಳೆಯ ವಿನ್ಯಾಸದ ಎಸ್‌ಎಂಪಿಎಸ್‌ಗಳು ಕನಿಷ್ಠ 0.5 ಆಂಪಿಯರ್ ನಿರೀಕ್ಷಿಸುತ್ತಿದ್ದವು. ಅಷ್ಟು ಕಡಿಮೆ ಹೊರೆಯಲ್ಲಿ ವೋಲ್ಟೇಜ್ ಹಿಡಿತ ತಪ್ಪಿ ಅವು ನಿಂತುಬಿಡುತ್ತಿದ್ದವು. ಎಎಂಡಿ ರೈಜನ್ ಕಂಪ್ಯೂಟರ್‌ಗಳ ಬಯೋಸ್‌ನಲ್ಲಿ ಇದಕ್ಕಾಗಿಯೇ 'ಪವರ್ ಸಪ್ಲೈ ಐಡಲ್ ಕಂಟ್ರೋಲ್' ಎಂಬ ಆಯ್ಕೆ ಇದೆ. ಅದನ್ನು 'ಟಿಪಿಕಲ್ ಕರೆಂಟ್ ಐಡಲ್' ಮಾಡಿ ನೋಡಿ. ಇಂಟೆಲ್‌ನಲ್ಲಾದರೆ ಆಳವಾದ ಸಿ-ಸ್ಟೇಟ್‌ಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಸಮಸ್ಯೆ ನಿಂತರೆ ಕಾರಣ ಸಿಕ್ಕಿತು. ವಿದ್ಯುತ್ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಕೊಳ್ಳುವವರೆಗೆ ಹಾಗೆಯೇ ಬಳಸಬಹುದು.

ಪ್ರೊಸೆಸರ್‌ನ ವೋಲ್ಟೇಜ್ ಇಳಿಸಿದವರು, ರ‍್ಯಾಮ್ ವೇಗ ಹೆಚ್ಚಿಸಿದವರು ಇನ್ನೇನನ್ನೂ ಮುಟ್ಟುವ ಮೊದಲು ಅವೆಲ್ಲವನ್ನೂ ಮೂಲ ಸ್ಥಿತಿಗೆ ತನ್ನಿ. ಭಾರೀ ಹೊರೆಯ ಪರೀಕ್ಷೆಯನ್ನು ಗಂಟೆಗಟ್ಟಲೆ ಗೆದ್ದ ಕಂಪ್ಯೂಟರ್ ಕೂಡ, ವೋಲ್ಟೇಜ್ ತೀರಾ ಕೆಳಗಿಳಿಯುವ ಖಾಲಿ ಹೊತ್ತಿನಲ್ಲಿ ಕುಸಿಯಬಲ್ಲದು. ಫಿಲ್ಟರ್‌ಗೆ 18 ಸೇರಿಸಿ ನೋಡಿದಾಗ, ಯಂತ್ರಾಂಶದ ದೋಷಗಳನ್ನು ದಾಖಲಿಸುವ ವ್ಹಿಯಾ-ಲಾಗರ್ (WHEA-Logger) ಎಂಬ ಹೆಸರಿನ ಈವೆಂಟ್ 18 ಕಂಡರೆ ಈ ಅನುಮಾನ ಗಟ್ಟಿಯಾಗುತ್ತದೆ.

ಪವರ್ ಬಟನ್ ಕೂಡ ಆರೋಪಿಯಾಗಬಹುದು. ಅದು ಒಳಗೆ ಸಿಕ್ಕಿಕೊಂಡಿದ್ದರೆ ಅಥವಾ ಅದರ ತಂತಿ ಎಲ್ಲೋ ತಾಗುತ್ತಿದ್ದರೆ ಮದರ್‌ಬೋರ್ಡ್‌ಗೆ ಬಟನ್ ಒತ್ತಿದಂತೆಯೇ ತೋರುತ್ತದೆ. ಕಂಪ್ಯೂಟರ್ ಆನ್ ಮಾಡಿದ ಮೇಲೆ ಮದರ್‌ಬೋರ್ಡ್‌ನಿಂದ ಬಟನ್‌ನ ಎರಡು ಪಿನ್‌ಗಳ ಕನೆಕ್ಟರ್ ಕಳಚಿಟ್ಟು ನೋಡಿದರೆ ತಿಳಿಯುತ್ತದೆ. ಲೋಹದ ಸ್ಕ್ರೂಡ್ರೈವರ್ ಒಳಗೆ ಹಾಕದೆ ಕೈಯಿಂದಲೇ ಮೆಲ್ಲಗೆ ಎಳೆಯಿರಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಬಿಸಿ, ಮತ್ತು ಸುಮ್ಮನಿರುವಾಗ ನಡೆಯುವ ಕೆಲಸ

ಸುಮ್ಮನಿರುವ ಕಂಪ್ಯೂಟರ್ ಬಿಸಿಯಾಗದು ಎಂದು ಈ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಬೇಡಿ. ನೀವು ಎದ್ದು ಹೋದದ್ದನ್ನೇ ಕಾಯುತ್ತಿದ್ದು ವಿಂಡೋಸ್ ತನ್ನ ನಿರ್ವಹಣಾ ಕೆಲಸ, ವೈರಸ್ ತಪಾಸಣೆ, ಕಡತಗಳ ಸೂಚಿ ತಯಾರಿಕೆಯನ್ನು ಆರಂಭಿಸುತ್ತದೆ. ದೂಳು ತುಂಬಿದ ಫ್ಯಾನ್, ಒಣಗಿದ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಹೊರಗೆ ಸಾಗಿಸುವ ಲೇಪ) ಇರುವ ಯಂತ್ರ ಆ ಹೊತ್ತಿನಲ್ಲಿ ಕಾದು ಆಫ್ ಆಗಬಹುದು. ಆದರೆ ಅಂತಹ ಕಂಪ್ಯೂಟರ್ ನೀವು ಬಳಸುವಾಗಲೂ ಆಫ್ ಆಗಬೇಕು. ಹಾಗಾಗದಿದ್ದರೆ ಬಿಸಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ತಂತ್ರಾಂಶವೋ ಯಂತ್ರಾಂಶವೋ: ಬೇರ್ಪಡಿಸುವ ಪರೀಕ್ಷೆ

ಬಯೋಸ್ ಪರದೆ ತೆರೆದು ಹಾಗೆಯೇ ಬಿಟ್ಟು ನೋಡಿ ಎಂಬ ಸಲಹೆ ಪ್ರಚಲಿತದಲ್ಲಿದೆ. ಅಲ್ಲೂ ಆಫ್ ಆದರೆ ವಿಂಡೋಸ್ ನಿರಪರಾಧಿ ಎನ್ನುವುದು ನಿಜ. ಆದರೆ ಅಲ್ಲಿ ಆಫ್ ಆಗದಿದ್ದರೆ ಯಂತ್ರಾಂಶ ಸರಿಯಿದೆ ಎಂದು ಹೇಳಲಾಗದು. ಬಯೋಸ್ ಪರದೆಯಲ್ಲಿ ಪ್ರೊಸೆಸರ್ ಸಾಮಾನ್ಯವಾಗಿ ಆಳವಾದ ವಿಶ್ರಾಂತಿಗೆ ಇಳಿಯುವುದೇ ಇಲ್ಲ; ಮೇಲೆ ಹೇಳಿದ ಕಡಿಮೆ ಹೊರೆಯ ತೊಂದರೆ ಅಲ್ಲಿ ಹೊರಬೀಳುವುದಿಲ್ಲ. ಪೆನ್ ಡ್ರೈವ್‌ನಿಂದ ಲಿನಕ್ಸ್ ಶುರುಮಾಡಿ, ಅದರಲ್ಲಿ ಸ್ಲೀಪ್ ನಿಲ್ಲಿಸಿ, ಖಾಲಿ ಬಿಡುವುದು ಇದಕ್ಕಿಂತ ನಂಬಲರ್ಹ ಪರೀಕ್ಷೆ. ಅಲ್ಲೂ ಆಫ್ ಆದರೆ ಯಂತ್ರಾಂಶ. ಆಗದಿದ್ದರೆ ವಿಂಡೋಸ್ ಅಥವಾ ಅದರ ಡ್ರೈವರ್‌ಗಳ ಕಡೆಗೆ ತಿರುಗಿ.

ಇನ್ನೊಂದು ಪರೀಕ್ಷೆ: ಸ್ಲೀಪ್ ಅನ್ನು 'ನೆವರ್'ನಲ್ಲಿಟ್ಟು, ಪ್ರೊಸೆಸರ್‌ಗೆ ಹಗುರ ಕೆಲಸ ಕೊಡಿ. ದೊಡ್ಡ ಫೋಲ್ಡರ್ ಒಂದನ್ನು ಜಿಪ್ ಮಾಡಲು ಬಿಟ್ಟು ಮೌಸ್ ಮುಟ್ಟದೆ ಎದ್ದು ಹೋಗಿ. ಕೆಲಸವಿದ್ದಾಗ ಉಳಿದು, ಖಾಲಿಯಿದ್ದಾಗ ಆಫ್ ಆದರೆ ತೊಂದರೆ ಕಡಿಮೆ ಹೊರೆಯಲ್ಲಿದೆ.

ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ

ಲಿನಕ್ಸ್‌ನಲ್ಲಿ ಜರ್ನಲ್‌ಸಿಟಿಎಲ್ (journalctl) ಆದೇಶದಿಂದ ಹಿಂದಿನ ಬೂಟ್‌ನ, ಎಂದರೆ ಹಿಂದಿನ ಸಲ ಆನ್ ಆಗಿದ್ದಾಗಿನ, ಕೊನೆಯ ಸಾಲುಗಳನ್ನು ಓದಿ. ಕೊನೆಯಲ್ಲಿ ಸೇವೆಗಳು ಒಂದೊಂದಾಗಿ ನಿಂತಿದ್ದರೆ ಕ್ರಮಬದ್ಧ ಶಟ್‌ಡೌನ್. ಸಾಲು ಅರ್ಧಕ್ಕೆ ತುಂಡಾಗಿದ್ದರೆ ವಿದ್ಯುತ್ ಹೋಗಿದೆ ಅಥವಾ ವ್ಯವಸ್ಥೆ ಕುಸಿದಿದೆ. ಅನೇಕ ಲಿನಕ್ಸ್‌ಗಳಲ್ಲಿ ಬಳಸುವ ಗ್ನೋಮ್ ಡೆಸ್ಕ್‌ಟಾಪ್‌ನ ಲಾಗಿನ್ ಪರದೆಗೆ ತನ್ನದೇ ಆದ ವಿದ್ಯುತ್ ಸೆಟ್ಟಿಂಗ್ ಇರುತ್ತದೆ. ನಿಮ್ಮ ಖಾತೆಯಲ್ಲಿ ಸ್ಲೀಪ್ ನಿಲ್ಲಿಸಿದ್ದರೂ ಲಾಗಿನ್ ಪರದೆಯಲ್ಲಿ ಬಿಟ್ಟ ಕಂಪ್ಯೂಟರ್ ಮಲಗಬಹುದು. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಬ್ಯಾಟರಿ ಅಥವಾ ಎನರ್ಜಿ ವಿಭಾಗದಿಂದ ಶುರುಮಾಡಿ.

ದುರಸ್ತಿಗೆ ಕೊಡುವ ಮುನ್ನ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಎಂದಿಗೂ ತಿಳಿಯದು. ಪ್ರತಿ ಬದಲಾವಣೆಯ ನಂತರ, ಹಿಂದೆ ಆಫ್ ಆಗಲು ತೆಗೆದುಕೊಂಡ ಅತಿ ಹೆಚ್ಚಿನ ಅವಧಿಯ ಎರಡರಷ್ಟು ಹೊತ್ತು ಖಾಲಿ ಬಿಟ್ಟು ನೋಡಿ. ಈ ದಿನಗಳಲ್ಲಿ ಎದ್ದು ಹೋಗುವಾಗಲೆಲ್ಲ ಕಡತ ಸೇವ್ ಮಾಡಿಡಿ.

ಇಷ್ಟೆಲ್ಲ ಮಾಡಿಯೂ ಬಗೆಹರಿಯದೆ ದುರಸ್ತಿಯವರ ಬಳಿ ಒಯ್ಯಬೇಕಾದರೆ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಂಡು ಹೋಗಿ: ಆಫ್ ಆದ ದಿನ ಮತ್ತು ಸಮಯ, ಆ ಹೊತ್ತಿನ ಈವೆಂಟ್ ಸಂಖ್ಯೆಗಳು, 41ರ ಒಳಗಿನ ಮೂರು ವಿವರಗಳು, ಯುಪಿಎಸ್ ಇಲ್ಲದೆ ನೋಡಿದಾಗ ಏನಾಯಿತು, ಪೆನ್ ಡ್ರೈವ್‌ನ ಲಿನಕ್ಸ್‌ನಲ್ಲಿ ಏನಾಯಿತು. ಎಸ್‌ಎಂಪಿಎಸ್ ಮೇಲೆ ಅನುಮಾನವಿದ್ದರೆ ಹೊಸದನ್ನು ಕೊಳ್ಳುವ ಮೊದಲು, ಸರಿಯಾಗಿ ನಡೆಯುತ್ತಿರುವ ಬೇರೊಂದನ್ನು ಒಂದು ರಾತ್ರಿ ಜೋಡಿಸಿ ಖಾಲಿ ಬಿಟ್ಟು ನೋಡಲು ಅವರನ್ನೇ ಕೇಳಿ.